ಗಾಳಿಗೆ ಟ್ರೇಲರ್ ಬಾಲ ಬೀಸುತ್ತದೆ, ಹಿಂದೆ ಉಸುಕಿನ ಚೀಲ ಹಾಕಲಾ?

ಬೆಟಗೇರಿ ಗಿರ್ಮಿಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಚ್ಚಿನವರು ಲಾರಿ, ಟ್ರ್ಯಾಕ್ಟರ್ ಇಟ್ಟವರು. ನನ್ನದು ಸ್ವಲ್ಪ ಬೇರೆ ಗಾಡಿ. ಗಿರ್ಮಿಟ್, ಮಿರ್ಚಿ ಬಜಿ, ಚಹಾ ಮಾರುವ ಕ್ಯಾಂಟೀನ್ ಟ್ರೇಲರ್. ಬೊಲೆರೊ ಹಿಂದೆ ಸಿಕ್ಕಿಸಿ ಎಳೆಯುತ್ತೇನೆ. ಓಡಿಸುವವಳು ನಾನೇ. ನಮ್ಮ ಮನೆಯವರು ಮಗ್ಗ ಬಿಟ್ಟು ಬಾಣಲೆ ಹಿಡಿದವರು, ಸ್ಟೇರಿಂಗ್ ಅಂದರೆ ದೂರ. ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಳ್ಳೋದು ಅವರ ಕೆಲಸ.

ಟ್ರೇಲರ್ ಡಬ್ಬಿ 12 ಅಡಿ ಉದ್ದ, ಗೋಡೆ 7 ಅಡಿ ಎತ್ತರ. ಒಂದೇ ಆ್ಯಕ್ಸಲ್, ಎರಡು ಗಾಲಿ. ಟ್ರೇಲರಿಗೆ ಬೇರೆ ಬ್ರೇಕ್ ಇಲ್ಲ. ತಗಡು ಬಡಿದು ಕಟ್ಟಿದ್ದು, ನೋಡೋಕೆ ದೊಡ್ಡ ಬಿಸ್ಕೀಟ್ ಡಬ್ಬಿ. ಎರಡು ವರ್ಷದಿಂದ ಸಂತೆ, ಜಾತ್ರೆ, ಶಾಲೆ ಗ್ಯಾದರಿಂಗ್ ಅಂತ ಗದಗ ಸುತ್ತಮುತ್ತ ತಿರುಗುತ್ತಿದ್ದೇವೆ.

ಕಳೆದ ವಾರ ಲಕ್ಷ್ಮೇಶ್ವರದ ಕಡೆ ಹೊರಟಿದ್ದೆವು. ಮಧ್ಯಾಹ್ನ ಎರಡಾಗಿತ್ತು. ಆಷಾಢದ ಗಾಳಿ ನಿಮಗೆಲ್ಲ ಗೊತ್ತೇ ಇದೆ. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಬರೀ ಎರಿ ಹೊಲ. ಹೆಸರು ಇನ್ನೂ ಗೇಣುದ್ದ ಇತ್ತು. ಒಂದು ಗಿಡದ ಮರೆ ಇಲ್ಲ. ಗಾಳಿ ಬಲಗಡೆಯಿಂದ ಹೊಡೆಯುತ್ತಿತ್ತು, ನಾನು ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಹಿಡಿದೇ ಓಡಿಸುತ್ತಿದ್ದೆ. ಎದುರಿಗೆ ಒಂದು ಬಸ್ಸು ಬಂತು. ಅದು ಪಕ್ಕಕ್ಕೆ ಬಂದ ಕೂಡಲೇ ಗಾಡಿ ಬಲಕ್ಕೆ, ಬಸ್ಸಿನ ಕಡೆಗೇ ಸರಿಯಿತು. ಬಸ್ಸು ದಾಟಿದ್ದೇ ತಡ, ಯಾರೋ ಒದ್ದ ಹಾಗೆ ಎಡಕ್ಕೆ. ಆಮೇಲೆ ಟ್ರೇಲರ್ ಬಾಲ ಬೀಸೋಕೆ ಶುರು ಮಾಡಿತು. ಕನ್ನಡಿಯಲ್ಲಿ ನೋಡಿದರೆ ಒಮ್ಮೆ ಬಲಗನ್ನಡಿ ತುಂಬ ಟ್ರೇಲರ್, ಒಮ್ಮೆ ಎಡಗನ್ನಡಿ ತುಂಬ ಟ್ರೇಲರ್. ಗಾಬರಿಯಾಗಿ ಬ್ರೇಕ್ ಒತ್ತಿದೆ. ಇನ್ನೂ ಜೋರಾಯಿತು. ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿದೆ. ಅದು ನನಗಿಂತ ಅರ್ಧ ಸೆಕೆಂಡ್ ಮುಂದೇ ಇತ್ತು.

ಕೊನೆಗೆ ಎಡಗಡೆ ಹಸಿ ಮಣ್ಣಿನಲ್ಲಿ ಗಾಲಿ ಹೂತು ನಿಂತಿತು. ಮಳೆ ಬಿದ್ದ ಎರಿ ಮಣ್ಣು ಜೀವ ಉಳಿಸಿತು ಅನ್ನಿ. ಯಾರಿಗೂ ಏನೂ ಆಗಲಿಲ್ಲ. ಒಳಗೆ ಉಳ್ಳಾಗಡ್ಡಿ ಚೀಲ ಬಿಚ್ಚಿ ಎಲ್ಲ ಉರುಳಿದ್ದವು. ಹಿಂದಿನ ಬಾಗಿಲು ತೆಗೆದ ಕೂಡಲೇ ಒಡೆದ ಚೀಲದ ಚುರುಮುರಿ ಗಾಳಿಗೆ ಎದ್ದು ಹೊಲದ ತುಂಬ ಹಾರಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಾನು ತೂರೋದೇ ಬೇಕಾಗಲಿಲ್ಲ. ನಮ್ಮ ಮನೆಯವರು ಅರ್ಧ ತಾಸು ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಮಾತು, "ಎಣ್ಣಿ ಡಬ್ಬಿ ಚೆಲ್ಲಿಲ್ಲಲ್ಲ?"

ಟ್ರೇಲರ್ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು: "ಅಕ್ಕಾರ, ಗಾಡಿ ಹಗುರ ಐತಿ, ಅದಕ್ಕ ಗಾಳಿಗೆ ಹಾರತೈತಿ. ಹಿಂದ ಎರಡು ಉಸುಕಿನ ಚೀಲ ಒಗೀರಿ, ತಳ ಊರಿ ನಿಂದರತೈತಿ."

ನನ್ನ ಪ್ರಶ್ನೆ ಇಷ್ಟೇ. ಉಸುಕಿನ ಚೀಲ ಹಾಕೋದು ಸರಿಯಾ? ಗಾಳಿ ಎಷ್ಟಿದ್ದರೆ ಹೊರಡಬಾರದು? ಮತ್ತೆ ಹಾಗೆ ಬಾಲ ಬೀಸಿದರೆ ಏನು ಮಾಡಬೇಕು?

ಇನ್ನೊಂದು ವಿಷಯ, ಉಪಯೋಗ ಆಗಬಹುದು ಅಂತ ಹೇಳುತ್ತೇನೆ. ಈ ಅಲ್ಲಾಟ ಹೋಗುವಾಗ ಮಾತ್ರ. ಸಣ್ಣದಾಗಿ ಮೊದಲೂ ಆಗುತ್ತಿತ್ತು. ರಾತ್ರಿ ವಾಪಸ್ ಬರುವಾಗ ಒಂದು ದಿನವೂ ಆಗಿಲ್ಲ. ರಾತ್ರಿ ಗಾಳಿ ಕಡಿಮೆ ಇರುತ್ತದಲ್ಲ, ಅದಕ್ಕೇ ಇರಬೇಕು.

ಎರಿಹೊಲ

ಅಕ್ಕಾ, ಮೊದಲು ದೇವರು ದೊಡ್ಡವನು. ಸ್ಪೀಡ್ ಎಷ್ಟಿತ್ತು? ನಿಜ ಹೇಳ್ರಿ.

ಬೆಟಗೇರಿ ಗಿರ್ಮಿಟ್

70. ಸಂತೆಗೆ ತಡ ಆಗಿತ್ತು.

ಎರಿಹೊಲ

ಅಲ್ಲೇ ಅರ್ಧ ಉತ್ತರ ಇದೆ.

ನಾನು ಡಂಬಳದ ಕಡೆಯವನು. ಕಣಿಕೆ, ಹೊಟ್ಟು ತುಂಬಿದ ಟ್ರ್ಯಾಕ್ಟರ್ ಓಡಿಸುತ್ತೇನೆ. ಹೊಟ್ಟಿನ ಲೋಡೂ ನಿಮ್ಮ ಡಬ್ಬಿ ಇದ್ದ ಹಾಗೆಯೇ, ಭಾರ ಕಡಿಮೆ, ಮೈ ಜಾಸ್ತಿ. ಗಾಳಿಗೆ ಹಬ್ಬ. ನಾವು ಆಷಾಢದಲ್ಲಿ ಹೊಟ್ಟಿನ ಲೋಡ್ ಬೆಳಗ್ಗೆ ಐದಕ್ಕೆ ಬಿಡುತ್ತೇವೆ, ಒಂಬತ್ತರೊಳಗೆ ಮುಟ್ಟಿಸುತ್ತೇವೆ. ಬಿಸಿಲು ಏರಿದ ಹಾಗೆ ಗಾಳಿ ಏರುತ್ತದೆ. ಮಧ್ಯಾಹ್ನ ಒಂದರಿಂದ ಸಂಜೆ ಐದರವರೆಗೆ ಅದರ ಡ್ಯೂಟಿ. ನೀವು ಸರಿಯಾಗಿ ಅದರ ಬಾಯಿಗೇ ಹೋಗಿದ್ದೀರಿ.

ರಸ್ತೆ ಯಾವ ದಿಕ್ಕಿಗಿದೆ ಅನ್ನೋದೂ ನೋಡಬೇಕು. ಈ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ, ಇಲ್ಲಾ ನೈಋತ್ಯದಿಂದ. ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹೋದರೆ ಗಾಳಿ ಹೆಚ್ಚು ಕಡಿಮೆ ಮುಖಕ್ಕೆ ಬರುತ್ತದೆ. ಡೀಸೆಲ್ ಕುಡಿಯುತ್ತದೆ, ಆದರೆ ಮಗ್ಗುಲಿಗೆ ಅಷ್ಟು ಹೊಡೆಯೋದಿಲ್ಲ. ಲಕ್ಷ್ಮೇಶ್ವರದ ರಸ್ತೆ ತೆಂಕಣಕ್ಕೆ ಇಳಿಯುತ್ತದೆ. ಅಲ್ಲಿ ಪೂರ್ತಿ ಮಗ್ಗುಲು ಕೊಟ್ಟುಕೊಂಡೇ ಹೋಗಬೇಕು.

ನಮ್ಮ ಕಪ್ಪತಗುಡ್ಡದ ಕಡೆ ಬಂದರೆ ಒಂದು ಉಪಾಯ ಇದೆ. ಗಾಳಿ ಫ್ಯಾನುಗಳ ಮುಖ ನೋಡಿ. ಅವು ಯಾವಾಗಲೂ ಗಾಳಿ ಬರುವ ಕಡೆಗೇ ಮುಖ ತಿರುಗಿಸಿ ನಿಲ್ಲುತ್ತವೆ. ಫ್ಯಾನು ನಿಮ್ಮ ರಸ್ತೆಗೆ ಅಡ್ಡ ಮುಖ ಮಾಡಿದ್ದರೆ ಗಾಳಿ ನಿಮ್ಮ ಮಗ್ಗುಲಿಗೆ ಬರುತ್ತದೆ. ಆದರೆ ರೆಕ್ಕೆ ನಿಧಾನ ತಿರುಗುತ್ತಿದೆ, ಗಾಳಿ ಕಡಿಮೆ ಅಂತ ಮಾತ್ರ ತಿಳಿಯಬೇಡಿ. ದೊಡ್ಡ ಫ್ಯಾನುಗಳು ಜೋರು ಗಾಳಿಯಲ್ಲಿ ರೆಕ್ಕೆ ಓರೆ ಮಾಡಿಕೊಂಡು ತಮ್ಮ ವೇಗ ತಾವೇ ಹಿಡಿದಿಟ್ಟುಕೊಳ್ಳುತ್ತವೆ. ವಿಪರೀತ ಗಾಳಿ ಬಂದರೆ ಪೂರ್ತಿ ನಿಂತೇ ಬಿಡುತ್ತವೆ.

ಹೈವೇ ಹುಲಿ

ಸಿಂಪಲ್. ಬಾಲ ಬೀಸಿದರೆ ಆ್ಯಕ್ಸಿಲರೇಟರ್ ಒತ್ತಬೇಕು. ಎಳೆದರೆ ನೆಟ್ಟಗಾಗುತ್ತದೆ. ಹಗ್ಗ ಎಳೆದ ಹಾಗೆ. ನಾನು ಎಷ್ಟೋ ಸಲ ಮಾಡಿದ್ದೇನೆ.

ಧಾರವಾಡದ ಡೇರೆ

ಹುಲಿ ಅಣ್ಣ, ಇದನ್ನು ಯಾರೂ ಮಾಡಬೇಡಿ. ಒತ್ತಿದಾಗ ಒಂದು ಗಳಿಗೆ ನೆಟ್ಟಗಾದ ಹಾಗೆ ಅನಿಸುತ್ತದೆ, ನಿಜ. ಆಮೇಲೆ ನೀವು 70ರ ಬದಲು 85ರಲ್ಲಿ ಇರುತ್ತೀರಿ. ಬಾಲ ಬೀಸೋದು ಹೆಚ್ಚೋದೇ ವೇಗಕ್ಕೆ. ಮುಂದಿನ ಬೀಸು ಬಂದಾಗ ಏನು, ಇನ್ನೂ ಒತ್ತುತ್ತೀರಾ? ರಸ್ತೆ ಎಲ್ಲೋ ಒಂದು ಕಡೆ ಮುಗಿಯುತ್ತದಲ್ಲ.

ಅಕ್ಕಾರ, ನಾನು ಸಣ್ಣ ಟ್ರೇಲರ್ ಕಟ್ಟಿಸಿಕೊಂಡು ರಜೆಯಲ್ಲಿ ಮನೆಮಂದಿ ಸಮೇತ ತಿರುಗುವವನು. ಒಳಗೆ ಮಲಗೋಕೆ ಜಾಗ, ಒಂದು ಒಲೆ, ಅಷ್ಟೇ. ಧಾರವಾಡದಿಂದ ಹಾವೇರಿ ಮೇಲೆ ಕೆಳಗೆ ಇಳಿಯುವಾಗ ಶಿಗ್ಗಾವಿ, ಬಂಕಾಪುರದ ಹತ್ತಿರ ನನಗೂ ಇದೇ ಅನುಭವ ಆಗಿದೆ. ನಾನು ಕಲಿತದ್ದು ಹೇಳುತ್ತೇನೆ.

ಬೀಸೋಕೆ ಶುರುವಾದರೆ ಆ್ಯಕ್ಸಿಲರೇಟರಿಂದ ಕಾಲು ತೆಗೀರಿ. ಸ್ಟೇರಿಂಗ್ ನೆಟ್ಟಗೆ, ಗಟ್ಟಿಯಾಗಿ ಹಿಡಿಯಿರಿ. ಅದು ಬೀಸಿದ ಕಡೆಗೆಲ್ಲ ತಿರುಗಿಸಿ ಸರಿಮಾಡೋಕೆ ಹೋಗಬೇಡಿ. ನಿಮ್ಮ ಕೈ ಯಾವಾಗಲೂ ತಡ. ನೀವು ಬಲಕ್ಕೆ ತಿರುಗಿಸುವ ಹೊತ್ತಿಗೆ ಅದು ಎಡಕ್ಕೆ ಹೊರಟಿರುತ್ತದೆ, ಜೋಕಾಲಿಗೆ ನೀವೇ ನೂಕು ಕೊಟ್ಟ ಹಾಗೆ. ಬ್ರೇಕ್ ಜೋರಾಗಿ ಒತ್ತಲೇಬೇಡಿ. ಬೊಲೆರೊ ನಿಧಾನ ಆಗುತ್ತದೆ, ಟ್ರೇಲರ್ ಆಗೋದಿಲ್ಲ, ಹಿಂದಿನಿಂದ ಬಂದು ನೂಕುತ್ತದೆ. ನಿಮಗೆ ಆದದ್ದು ಅದೇ. ಟ್ರೇಲರಿಗೇ ಬೇರೆ ಬ್ರೇಕ್ ಇದ್ದು, ಅದೊಂದನ್ನೇ ಮೆತ್ತಗೆ ಹಿಡಿಯೋಕೆ ಬಂದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ಹಿಂದಕ್ಕೆ ಜಗ್ಗಿ ಸಾಲು ನೆಟ್ಟಗೆ ಮಾಡುತ್ತದೆ. ನಿಮ್ಮದಕ್ಕೆ ಇಲ್ಲವಲ್ಲ. ಯುರೋಪಿನಲ್ಲಿ ಟ್ರೇಲರ್ 750 ಕೆಜಿ ದಾಟಿದರೆ ಅದಕ್ಕೇ ಬ್ರೇಕ್ ಇರಲೇಬೇಕು. ನೀವೂ ಹಾಕಿಸಿಕೊಳ್ಳೋದು ಒಳ್ಳೆಯದು. ಟ್ರೇಲರ್ ಮುಂದಕ್ಕೆ ನೂಕಿದಾಗ ತಾನೇ ಹಿಡಿಯುವ ತರಹದ್ದು ಬರುತ್ತದೆ, ಕರೆಂಟ್ ವೈರಿಂಗ್ ಬೇಡ.

ಬಸ್ಸಿನ ವಿಷಯ. ಗಾಳಿ ಬಲದಿಂದ ಬರುತ್ತಿತ್ತು ಅಂದಿರಿ. ಬಸ್ಸೂ ಬಲಗಡೆಯಿಂದಲೇ ಬಂತು. ಒಂದು ಕ್ಷಣ ಅದು ಗಾಳಿಗೆ ಗೋಡೆಯಾಯಿತು. ನೀವು ಬಲಕ್ಕೆ ಹಿಡಿದ ಸ್ಟೇರಿಂಗ್ ಹಾಗೇ ಇತ್ತು, ಎದುರು ನೂಕುವ ಗಾಳಿ ಇಲ್ಲ, ಅದಕ್ಕೇ ಗಾಡಿ ಬಸ್ಸಿನ ಕಡೆ ಸರಿಯಿತು. ಬಸ್ಸು ದಾಟಿದ ಕೂಡಲೇ ಗಾಳಿ ಪೂರ್ತಿ ವಾಪಸ್ ಬಂತು. ಎದುರು ದೊಡ್ಡ ಗಾಡಿ ಕಂಡಾಗಲೇ 10–15 ಸ್ಪೀಡ್ ಇಳಿಸಿ, ಎಡಕ್ಕೆ ಜಾಗ ಮಾಡಿಕೊಳ್ಳಿ. ದಿಬ್ಬ ಕಡಿದು ರಸ್ತೆ ಮಾಡಿದ ಜಾಗದಿಂದ ಬಯಲಿಗೆ ಬರುವಾಗ, ಸೇತುವೆ ಹತ್ತುವಾಗಲೂ ಇದೇ ಆಟ.

ಎಷ್ಟು ಗಾಳಿಗೆ ಹೊರಡಬಾರದು? ನನ್ನ ಲೆಕ್ಕ ಹೇಳುತ್ತೇನೆ. ಮೊಬೈಲಿನಲ್ಲಿ ಹವಾಮಾನ ನೋಡುವಾಗ ಗಾಳಿಯ ಸರಾಸರಿ ಬೇರೆ, ನಡುನಡುವೆ ಬರುವ ಜೋರು ಬೀಸು ಬೇರೆ ತೋರಿಸುತ್ತದೆ. ಬೀಸಿನ ಅಂಕಿ ನೋಡಿ. ಗಂಟೆಗೆ 40 ಕಿ.ಮೀ. ದಾಟಿದರೆ ನಾನು ಟ್ರೇಲರ್ ಸಿಕ್ಕಿಸೋದಿಲ್ಲ. ಮೊಬೈಲ್ ಇಲ್ಲದಿದ್ದರೆ ಮರ ನೋಡಿ. ಸಣ್ಣ ಗಿಡ ಪೂರ್ತಿ ತೂಗಾಡಿದರೆ 30ರ ಆಸುಪಾಸು. ದೊಡ್ಡ ಕೊಂಬೆ ಅಲ್ಲಾಡಿ, ಕರೆಂಟ್ ತಂತಿ ಸೀಟಿ ಹೊಡೆದರೆ 40 ದಾಟಿದೆ ಅಂತಲೇ ಅರ್ಥ. ಛತ್ರಿ ಹಿಡಿಯೋಕೆ ಆಗದ ದಿನ ಟ್ರೇಲರೂ ಹಿಡಿಯೋಕೆ ಆಗೋದಿಲ್ಲ.

ಮಗ್ಗುಲಿಗೆ ಎಷ್ಟು ಒತ್ತಡ ಬೀಳುತ್ತದೆ ಅಂತ ಸುಮ್ನೆ ಲೆಕ್ಕ ಹಾಕಿದೆ. ನಿಮ್ಮದು 12ಕ್ಕೆ 7 ಅಡಿ ಗೋಡೆ. ಗಂಟೆಗೆ 40 ಕಿ.ಮೀ. ಗಾಳಿ ನೇರವಾಗಿ ಹೊಡೆದರೆ ಸುಮಾರು 60 ಕೆಜಿಯಷ್ಟು ನೂಕುತ್ತದೆ. 60 ಕಿ.ಮೀ. ಆದರೆ 90 ಕೆಜಿ ಅಲ್ಲ, 135. ಗಾಳಿಯ ವೇಗ ಒಂದೂವರೆ ಪಟ್ಟಾದರೆ ನೂಕು ಎರಡೂ ಕಾಲು ಪಟ್ಟು.

ಉಸುಕಿನ ಚೀಲದ ಬಗ್ಗೆ ನನಗೆ ಸಂಶಯ ಇದೆ. ಆದರೆ ಅದಕ್ಕೆ ನನಗಿಂತ ತಿಳಿದವರು ಇಲ್ಲಿದ್ದಾರೆ. ಲೇತ್ ಕಾಕಾ, ಎಲ್ಲಿದ್ದೀರಿ?

ಲೇತ್ ಕಾಕಾ

ಇಲ್ಲೇ ಇದ್ದೇನಪ್ಪಾ. ಊಟ ಮಾಡಿ ಬಂದೆ.

ತಂಗಿ, ನೀನು ಕೊನೆಗೆ "ಉಪಯೋಗ ಆಗಬಹುದು" ಅಂತ ಬರೆದೆಯಲ್ಲ, ಹೋಗುವಾಗ ಮಾತ್ರ ಬೀಸುತ್ತದೆ, ಬರುವಾಗ ಇಲ್ಲ ಅಂತ. ಎಲ್ಲರೂ ಅದನ್ನು ದಾಟಿ ಹೋದರು. ನಾನು ಅಲ್ಲೇ ನಿಂತೆ. ರಾತ್ರಿ ಗಾಳಿ ಕಡಿಮೆ, ಸರಿ. ಆದರೆ ಹೋಗುವಾಗ ಟ್ರೇಲರಿನಲ್ಲಿ ಇದ್ದದ್ದು, ಬರುವಾಗ ಇಲ್ಲದ್ದು ಏನು? ಸಾಮಾನು ಎಲ್ಲೆಲ್ಲಿ ಇಡುತ್ತೀ, ಒಂದೊಂದಾಗಿ ಹೇಳು.

ಬೆಟಗೇರಿ ಗಿರ್ಮಿಟ್

ಕಾಕಾ, ಹಿಂದಿನ ಮೂಲೆಯಲ್ಲಿ 200 ಲೀಟರಿನ ನೀಲಿ ಡ್ರಮ್, ತುಂಬಿಸಿಕೊಂಡೇ ಹೊರಡೋದು. ಸಂತೆಯಲ್ಲಿ ನೀರು ಸಿಗೋದು ನಂಬಿಕೆ ಇಲ್ಲ. ಅದರ ಹಿಂದೆ ಹೊರಗಡೆ ಒಂದು ಸ್ಟ್ಯಾಂಡ್, ಅದರ ಮೇಲೆ ಹೋಟೆಲ್ ಸಿಲಿಂಡರ್ ಎರಡು. ಒಲೆ, ಎಣ್ಣೆ, ಹಿಟ್ಟು ನಡುವೆ. ಮುಂದೆ ಬರೀ ಚುರುಮುರಿ ಚೀಲ, ಪೇಪರ್ ಪ್ಲೇಟು.

ಬರುವಾಗ ಡ್ರಮ್ ಖಾಲಿ.

ಅಯ್ಯೋ.

ಲೇತ್ ಕಾಕಾ

ಗೊತ್ತಾಯಿತಲ್ಲ. 200 ಲೀಟರ್ ಅಂದರೆ 200 ಕೆಜಿ. ಅದು ಬಾಲದ ತುದಿಯಲ್ಲಿ. ಅದರ ಹಿಂದೆ ಸಿಲಿಂಡರ್ ಎರಡು, ಕಬ್ಬಿಣ ಸೇರಿ ಇನ್ನೊಂದು 70 ಕೆಜಿ. ಮೂತಿಯಲ್ಲಿ ಚುರುಮುರಿ! ಇದರ ಮೇಲೆ ಉಸುಕಿನ ಚೀಲ ಬೇರೆ ಇಡು ಅಂದರಲ್ಲ, ಆ ಪುಣ್ಯಾತ್ಮರಿಗೆ ಕೈ ಮುಗಿಯಬೇಕು.

ನಾನು ಹುಬ್ಬಳ್ಳಿ ಗೋಕುಲ ರೋಡಿನ ಶೆಡ್ಡುಗಳಲ್ಲಿ ಮೂವತ್ತು ವರ್ಷ ಆ್ಯಕ್ಸಲ್ ತಿರುವಿದವನು. ಆದರೆ ಈ ಪಾಠ ಅಲ್ಲಿ ಕಲಿತದ್ದಲ್ಲ. ಬ್ಯಾಡಗಿ ಹತ್ತಿರ ನಮ್ಮೂರು. ಅಪ್ಪನ ಚಕ್ಕಡಿಯಲ್ಲಿ ಮೆಣಸಿನಕಾಯಿ ಚೀಲ ಹೇರುವಾಗ ಕಲಿತದ್ದು. ಚೀಲ ಹಿಂದೆ ಜಾಸ್ತಿಯಾದರೆ ನೊಗ ಮೇಲಕ್ಕೆ ಏಳುತ್ತದೆ, ಎತ್ತಿನ ಕೊರಳಿಗೆ ಕಟ್ಟಿದ ಹಗ್ಗ ಗಂಟಲಿಗೆ ಬೀಳುತ್ತದೆ. ಎತ್ತು ಕಾಲು ಊರಿ ಎಳೆಯೋಕೆ ಆಗೋದಿಲ್ಲ. ಮುಂದೆ ಜಾಸ್ತಿಯಾದರೆ ನೊಗ ಹೆಗಲಿನ ಮೇಲೆ ಕೂತು ಚರ್ಮ ಕೀಳುತ್ತದೆ. ಅಪ್ಪ ಹೇರೋದು ಮುಗಿದ ಮೇಲೆ ನೊಗದ ಕೆಳಗೆ ಅಂಗೈ ಕೊಟ್ಟು ಎತ್ತಿ ನೋಡುತ್ತಿದ್ದರು. "ಒಂದ್ ಚೀಲ ಮುಂದ ಸರಸ್ರ್ಯೋ" ಅನ್ನುತ್ತಿದ್ದರು. ಕೈಯೇ ತಕ್ಕಡಿ.

ನಿನ್ನ ಬೊಲೆರೊನೇ ಎತ್ತು. ಟ್ರೇಲರ್ ಮೂತಿ ಅದರ ಹುಕ್ಕಿನ ಮೇಲೆ ಸ್ವಲ್ಪ ಭಾರ ಹಾಕಿ ಕೂತಿರಬೇಕು. ಟ್ರೇಲರಿನ ಒಟ್ಟು ತೂಕ 100 ಇದ್ದರೆ ಮೂತಿಯ ಮೇಲೆ 10ರಿಂದ 15 ಬೀಳಬೇಕು. ಹತ್ತಕ್ಕಿಂತ ಕಡಿಮೆಯಾದರೆ ಬಾಲ ಬೀಸೋಕೆ ದಾರಿ ಹುಡುಕುತ್ತದೆ. ತೀರಾ ಜಾಸ್ತಿಯಾದರೆ ಬೊಲೆರೊ ಹಿಂದೆ ಕುಸಿದು ಮುಂದಿನ ಗಾಲಿ ಹಗುರ, ಸ್ಟೇರಿಂಗ್ ಮಾತು ಕೇಳೋದಿಲ್ಲ.

ಯಾಕೆ ಬೀಸುತ್ತದೆ? ಒಂದು ಕೋಲು ತಗೋ. ತುದಿಗೆ ಕಲ್ಲು ಕಟ್ಟಿ ಬೀಸು, ಆಮೇಲೆ ನಿಲ್ಲಿಸೋಕೆ ನೋಡು. ಅದೇ ಕಲ್ಲನ್ನು ಕೈ ಹತ್ತಿರ ಕಟ್ಟಿ ಬೀಸು. ವ್ಯತ್ಯಾಸ ಮಣಿಕಟ್ಟಿಗೇ ಗೊತ್ತಾಗುತ್ತದೆ. ಟ್ರೇಲರಿಗೆ ಕೈ ಅಂದರೆ ಆ್ಯಕ್ಸಲ್. ಭಾರ ಎಲ್ಲ ಅದರ ಆಸುಪಾಸು ಇರಬೇಕು, ಅದೂ ಕೆಳಗೆ, ನೆಲದ ಹತ್ತಿರ.

ಗಾಳಿ ನಿನ್ನ ಟ್ರೇಲರನ್ನು ಬೀಸಲಿಲ್ಲ ತಂಗಿ. ಅದು ಬೀಸೋಕೆ ತಯಾರಾಗಿ ಕೂತಿತ್ತು. ಗಾಳಿ ಬರೀ ಬೆರಳು ತಾಗಿಸಿತು. ಇದು ಇವತ್ತಲ್ಲ ನಾಳೆ, ಗಾಳಿಯೇ ಇಲ್ಲದ ದಿನ ಒಂದು ಇಳಿಜಾರಿನಲ್ಲಿ ಆಗುತ್ತಿತ್ತು.

ಈಗ ತೂಕ ಮಾಡು. ಒಟ್ಟು ತೂಕಕ್ಕೆ ಎಪಿಎಂಸಿ ಹತ್ತಿರ ಯಾವುದಾದರೂ ವೇ ಬ್ರಿಡ್ಜಿಗೆ ಹೋಗು, ಡ್ರಮ್ ತುಂಬಿಸಿ, ಸಂತೆಗೆ ಹೊರಟ ಹಾಗೇ. ಟ್ರೇಲರ್ ಬಿಚ್ಚಿ ಅದೊಂದನ್ನೇ ನಿಲ್ಲಿಸಿ ತೂಗಿಸು. ಮೂತಿ ತೂಕ ಅಲ್ಲಿ ಸರಿಯಾಗಿ ಬರೋದಿಲ್ಲ, ಆ ಕಾಟಾ ಲಾರಿಗೆ ಮಾಡಿದ್ದು. ಮನೆಯಲ್ಲಿ ಮಾಡು. ಮನುಷ್ಯರು ನಿಂತು ತೂಕ ನೋಡುವ ಮಿಷನ್ ಇರುತ್ತದಲ್ಲ, ಅದು ಸಾಕು. ನೇರವಾಗಿ ಅದರ ಮೇಲೆ ಇಟ್ಟರೆ ಒಡೆಯಬಹುದು. ಅದಕ್ಕೆ ಒಂದು ಗಟ್ಟಿ ಹಲಗೆ ತಗೋ. ಒಂದು ತುದಿ ಕೆಳಗೆ ಇಟ್ಟಿಗೆ ಮೇಲೆ ಪೈಪಿನ ತುಂಡು, ಇನ್ನೊಂದು ತುದಿ ಮಿಷನ್ ಮೇಲೆ. ಎರಡರ ನಡುವೆ ಸರಿಯಾಗಿ 3 ಅಡಿ. ಹಲಗೆ ಮಟ್ಟವಾಗಿರಲಿ. ಪೈಪಿನಿಂದ 1 ಅಡಿ ದೂರಕ್ಕೆ ಟ್ರೇಲರ್ ಮೂತಿ ಇಳಿಸು. ಬರೀ ಹಲಗೆಗೆ ಮಿಷನ್ ಎಷ್ಟು ತೋರಿಸುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡು ಅದನ್ನು ಕಳೆ. ಉಳಿದದ್ದನ್ನು ಮೂರರಿಂದ ಗುಣಿಸು. ಟ್ರೇಲರ್ ಗಾಲಿಗೆ ಎರಡೂ ಕಡೆ ಕಲ್ಲು ಕೊಡೋದು ಮರೀಬೇಡ, ಮೂತಿ ಬೊಲೆರೊ ಹುಕ್ಕಿನ ಎತ್ತರದಲ್ಲೇ ಇರಲಿ.

ಬಂದು ಅಂಕಿ ಹೇಳು.

ಹೈವೇ ಹುಲಿ

ಕಾಕಾ, ನಮ್ಮ ಗಾಡಿಗೂ ಹಲಗೆ ಹಿಡಿದು ನೋಡಬೇಕಾಯಿತು. ಮೇಲಿನ ನನ್ನ ಮಾತು ವಾಪಸ್.

ಬೆಟಗೇರಿ ಗಿರ್ಮಿಟ್

ನಾಲ್ಕು ದಿನ ಆಯಿತು, ಈಗ ಬಂದೆ.

ಒಟ್ಟು ತೂಕ 1,140 ಕೆಜಿ. ಕಟ್ಟಿಕೊಟ್ಟವರು "ಏಳೆಂಟು ನೂರು ಅಷ್ಟ" ಅಂದಿದ್ದರು. ಕಾಟಾ ಮೇಲೆ ಕೂತ ಹುಡುಗ ಚೀಟಿ ಕೊಡುತ್ತಾ "ಅಕ್ಕಾರ, ಮಾಲ್ ಏನು ಅಂತ ಬರೀಲಿ?" ಅಂದ. ಗಿರ್ಮಿಟ್ ಅಂದೆ. ಹಾಗೇ ಬರೆದುಕೊಟ್ಟಿದ್ದಾನೆ, ಚೀಟಿ ಗೋಡೆಗೆ ಅಂಟಿಸಿದ್ದೇವೆ.

ಮೂತಿ ತೂಕಕ್ಕೆ ಪಕ್ಕದ ಮನೆಯವರ ಮಿಷನ್ ತಂದೆ. ಹಲಗೆ ತೂಕ ಕಳೆದು ಮುಳ್ಳು 9ಕ್ಕೆ ನಿಂತಿತು. ಮೂರರಿಂದ ಗುಣಿಸಿದರೆ 27. 1,140ಕ್ಕೆ 27! ನೂರಕ್ಕೆ ಎರಡೂವರೆಯೂ ಇಲ್ಲ. ನಮ್ಮ ಮನೆಯವರು ಒಂದೇ ಕೈಯಲ್ಲಿ ಮೂತಿ ಎತ್ತಿ ತೋರಿಸಿದರು. ಎರಡು ವರ್ಷದಿಂದ ಹಾಗೇ ಎತ್ತುತ್ತಿದ್ದರು. "ಎಷ್ಟ್ ಹಗುರ ಐತಿ ನೋಡು, ಚಲೋ ಕಟ್ಟ್ಯಾರ" ಅಂತ ಖುಷಿಪಡುತ್ತಿದ್ದೆವು.

ಆಮೇಲೆ ಡ್ರಮ್ ಖಾಲಿ ಮಾಡಿ ನೋಡಿದೆ. 36. ಅಂದರೆ 108. ತೂಕ 940ಕ್ಕೆ ಇಳಿದಿರುತ್ತದೆ, ನೂರಕ್ಕೆ ಹನ್ನೊಂದೂವರೆ. ವಾಪಸ್ ಬರುವಾಗ ಯಾಕೆ ಕುರಿಮರಿ ಹಾಗೆ ಹಿಂದೆ ಬರುತ್ತಿತ್ತು ಅಂತ ಈಗ ತಿಳಿಯಿತು. ಕತ್ತಲಾದ ಮೇಲೆ ಗಾಳಿ ನಿಲ್ಲುತ್ತದೆ ಅಂತ ನಾನೇ ಕಥೆ ಕಟ್ಟಿಕೊಂಡಿದ್ದೆ.

ಡ್ರಮ್ಮನ್ನು ಆ್ಯಕ್ಸಲ್ ಮೇಲೆ, ಒಂದು ಗೇಣು ಮುಂದಕ್ಕೆ ತಂದೆ. ಅದಕ್ಕಾಗಿ ಒಲೆಯ ಸ್ಟ್ಯಾಂಡ್ ಕೊಯ್ಯಿಸಿ ಪಕ್ಕಕ್ಕೆ ಸರಿಸಬೇಕಾಯಿತು, ವೆಲ್ಡಿಂಗಿಗೆ 900 ರೂಪಾಯಿ ಹೋಯಿತು. ನೀರು ತುಂಬಿಸಿ ತೂಗಿದೆ. 41. ಗುಣಿಸಿದರೆ 123. ನೂರಕ್ಕೆ ಹತ್ತು ಮುಕ್ಕಾಲು. ನಮ್ಮ ಮನೆಯವರಿಗೆ ಈಗ ಒಂದು ಕೈಯಲ್ಲಿ ಮೂತಿ ಏಳೋದಿಲ್ಲ. ಬೈದುಕೊಂಡೇ ಜಾಕಿ ಗಾಲಿ ತಂದು ಹಾಕಿದ್ದಾರೆ.

ಸಿಲಿಂಡರ್ ಇನ್ನೂ ಹಿಂದೇ ಇವೆ ಕಾಕಾ. ಅವನ್ನೂ ಮುಂದೆ ತರಲಾ?

ಲೇತ್ ಕಾಕಾ

ಶಾಭಾಷ್ ತಂಗಿ.

ಸಿಲಿಂಡರ್ ಎರಡನ್ನೂ ಮೂತಿಗೆ ತರಬೇಡ. ಹಿಂದಿನ ತುದಿಯಿಂದ ಮುಂದಿನ ತುದಿಗೆ 70 ಕೆಜಿ ಬಂದರೆ ಮೂತಿ ಭಾರ 200 ದಾಟುತ್ತದೆ. ಆಗ ಎತ್ತಿನ ಹೆಗಲು ಹರಿಯುತ್ತದೆ. ಒಂದನ್ನು ಮಾತ್ರ ಡಬ್ಬಿಯಿಂದ ಬೊಲೆರೊ ಕಡೆ ಚಾಚಿದ ಗೂಟದ ಮೇಲೆ ಪಂಜರ ಮಾಡಿಸಿ ಇಡು, ಇನ್ನೊಂದು ಹಿಂದೇ ಇರಲಿ. 165–170ರ ಹತ್ತಿರ ಬರಬಹುದು, ತೂಗಿ ನೋಡು. ಆ ಭಾರ ತಡೆಯೋಕೆ ಬೊಲೆರೊ ಹುಕ್ಕಿನ ಮೇಲೆ ಎಷ್ಟು ಬರೆದಿದೆ ಅನ್ನೋದನ್ನೂ ನೋಡು. ಅದಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. ಬರೆದದ್ದು ಕಡಿಮೆ ಇದ್ದರೆ ಸಿಲಿಂಡರ್ ಇದ್ದಲ್ಲೇ ಇರಲಿ. ಎಲ್ಲಿಟ್ಟರೂ ಹೊರಡುವ ಮುಂಚೆ ವಾಲ್ವ್ ಬಂದ್, ರೆಗ್ಯುಲೇಟರ್ ಬಿಚ್ಚು, ಬೆಲ್ಟ್ ಹಾಕಿ ಬಿಗಿ.

ಇನ್ನು ಡ್ರಮ್. ತುಂಬಿರಲಿ, ಇಲ್ಲಾ ಖಾಲಿ ಇರಲಿ. ಅರ್ಧ ಇದ್ದರೆ ನೀರು ಒಳಗೇ ಉಯ್ಯಾಲೆ ಆಡುತ್ತದೆ. ಈಗ ಆ್ಯಕ್ಸಲ್ ಮೇಲೆ ಇದೆಯಾದ್ದರಿಂದ ಖಾಲಿಯಾದರೂ ಮೂತಿ ತೂಕ ಹೆಚ್ಚು ಬದಲಾಗೋದಿಲ್ಲ, ಅದೇ ಇದರ ಲಾಭ.

ಹುಕ್ಕಿನ ಬಾಲ್, ಅಂದರೆ ಟ್ರೇಲರ್ ಮೂತಿ ಕೂರುವ ಕಬ್ಬಿಣದ ಗುಂಡು, ಸವೆದಿದೆಯಾ ನೋಡಿಸು. ಸಾಮಾನ್ಯವಾಗಿ 50 ಮಿ.ಮೀ. ಇರುತ್ತದೆ. ಮೇಲೆ ಕೂತ ಬಾಯಿ ಕಟಕಟ ಅಂದರೆ ಬದಲಿಸು. ಚೈನ್ ಎರಡಿರಬೇಕು, ಗುಣಾಕಾರದ ಗುರುತಿನ ಹಾಗೆ ಒಂದರ ಮೇಲೊಂದು ಕೆಳಗಿನಿಂದ ಹಾಯಿಸು. ಹುಕ್ ಬಿಚ್ಚಿದರೂ ಮೂತಿ ರಸ್ತೆಗೆ ಕುಕ್ಕದೆ ಚೈನ್ ಮೇಲೆ ಕೂರುತ್ತದೆ. ಟ್ರೇಲರ್ ಟೈರಿನ ಗಾಳಿ ಬೆಳಗ್ಗೆ ತಣ್ಣಗಿದ್ದಾಗ ನೋಡು. ಜನ ಬೊಲೆರೊ ಟೈರ್ ನೋಡುತ್ತಾರೆ, ಹಿಂದಿನದನ್ನು ಮರೆಯುತ್ತಾರೆ.

ಧಾರವಾಡದ ಡೇರೆ

ಒಂದು ಮಾತು ಸೇರಿಸಲಾ? ಸಂತೆಯಲ್ಲಿ ನಿಲ್ಲಿಸುವಾಗಲೂ ಟ್ರೇಲರ್ ಮೂತಿ ಗಾಳಿಗೆ ಎದುರಾಗಿ ಇರಲಿ. ಮಗ್ಗುಲು ಕೊಡಬೇಡಿ. ಮಾರೋಕೆ ಎತ್ತುವ ದೊಡ್ಡ ಬಾಗಿಲು ಗಾಳಿ ಬರುವ ಕಡೆ ಇದ್ದರೆ ಹಡಗಿನ ಹಾಯಿ ಆದ ಹಾಗೆ. ಕಳಚಿ ಯಾರ ತಲೆ ಮೇಲಾದರೂ ಬಿದ್ದೀತು.

ಮತ್ತೆ ಬಾಲ ಬೀಸದ ಹಾಗೆ ತಡೆಯುವ ಕಬ್ಬಿಣದ ಪಟ್ಟಿ, ಬಾಲ್ ಹಿಡಿಯುವ ಪ್ಯಾಡು ಅಂತ ಹೊರಗಿನಿಂದ ತರಿಸಬಹುದು. ನನ್ನ ಹತ್ತಿರ ಪ್ಯಾಡಿನದು ಇದೆ. ಅದು ಹಾಕಿದರೆ ಬಾಲಿಗೆ ಗ್ರೀಸ್ ಹಚ್ಚೋ ಹಾಗಿಲ್ಲ, ಒಣಗಿರಲೇಬೇಕು. ಆದರೆ ಅದನ್ನು ನಂಬಿ ಭಾರ ಎಲ್ಲೆಂದರಲ್ಲಿ ಇಟ್ಟರೆ ಏನೂ ಪ್ರಯೋಜನ ಇಲ್ಲ. ಮೊದಲು ಕಾಕಾ ಹೇಳಿದ್ದು, ಆಮೇಲೆ ಇದು.

ಬೆಟಗೇರಿ ಗಿರ್ಮಿಟ್

ಎರಿಹೊಲದ ತಮ್ಮ, ಕಾಕಾ, ಡೇರೆ ಅಣ್ಣಾರ, ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಇವತ್ತು ಅದೇ ರಸ್ತೆಗೆ ಹೋಗಿ ಬಂದೆವು. ಬೆಳಗ್ಗೆ ಆರಕ್ಕೆ ಬೆಟಗೇರಿ ಬಿಟ್ಟೆ. ಸ್ಪೀಡ್ 50 ದಾಟಿಸಲಿಲ್ಲ. ಮುಳಗುಂದ ದಾಟಿದ ಮೇಲೆ ಗಾಳಿ ಇದ್ದೇ ಇತ್ತು, ಆ ದಿನದಷ್ಟಲ್ಲ. ನಮ್ಮ ಗಾಲಿ ಹೂತ ಗುಂಡಿ ಇನ್ನೂ ಕಾಣಿಸುತ್ತದೆ, ಅದರಲ್ಲಿ ನೀರು ನಿಂತಿದೆ. ಅಲ್ಲಿಂದ ಸ್ವಲ್ಪ ಮುಂದೆ ಎದುರಿಗೆ ಹತ್ತಿ ಬೀಜದ ಲಾರಿ ಬಂತು. ಕಾಲು ತೆಗೆದೆ, 40ಕ್ಕೆ ಬಂದೆ, ಎಡಕ್ಕೆ ಸರಿದೆ. ಲಾರಿ ದಾಟಿದಾಗ ಟ್ರೇಲರಿಗೆ ಒಂದು ನೂಕು ಬಿತ್ತು. ಬಲಗನ್ನಡಿಯಲ್ಲಿ ಒಂದು ಚೂರು ಅಂಚು ಕಂಡಿತು, ಮತ್ತೆ ಒಳಗೆ ಹೋಯಿತು. ಎರಡನೇ ಬೀಸು ಬರಲಿಲ್ಲ. ನಾನು ಕಾಯುತ್ತಾ ಕೂತಿದ್ದೆ, ಬರಲೇ ಇಲ್ಲ.

ನಮ್ಮ ಮನೆಯವರು ಡ್ಯಾಶ್‌ಬೋರ್ಡ್ ಮೇಲಿಂದ ಕೈ ತೆಗೆದಿದ್ದು ಲಕ್ಷ್ಮೇಶ್ವರ ಒಂದು ಮೈಲಿ ಇದೆ ಅನ್ನುವಾಗ. ಕಡಲೆಕಾಯಿ ಸುಲಿಯೋಕೆ.

ಸಂತೆ ಮುಗಿಯುವ ಹೊತ್ತಿಗೆ, ಮಧ್ಯಾಹ್ನ ಮೂರಕ್ಕೆ, ತಂತಿ ಸೀಟಿ ಹೊಡೆಯೋಕೆ ಶುರು ಮಾಡಿತು. ಟಾರ್ಪಲ್ ಕಟ್ಟಿದವರೆಲ್ಲ ಹಗ್ಗ ಹಿಡಿದು ನಿಂತಿದ್ದರು. ಮೊದಲಾಗಿದ್ದರೆ ಬೇಗ ಮನೆ ಸೇರೋಣ ಅಂತ ಹೊರಟುಬಿಡುತ್ತಿದ್ದೆ. ಇವತ್ತು ಮೂತಿಯನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಏಳರವರೆಗೆ ಬಜಿ ಕರಿದೆವು. ಗಾಳಿಗೆ ಹೆದರಿ ಬೇರೆ ಅಂಗಡಿಯವರು ಮುಚ್ಚಿದ್ದರಿಂದ ವ್ಯಾಪಾರವೂ ಜಾಸ್ತಿಯೇ ಆಯಿತು.

ಕಟ್ಟಿಕೊಟ್ಟವರಿಗೂ ಫೋನ್ ಮಾಡಿ ಮೂತಿ ತೂಕದ ವಿಷಯ ಹೇಳಿದೆ. ಈಗ ಇನ್ನೊಬ್ಬರಿಗೆ ಇದೇ ತರಹದ ಟ್ರೇಲರ್ ಕಟ್ಟುತ್ತಿದ್ದಾರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾರ, ಆ ಹಲಗಿ ಲೆಕ್ಕ ಇನ್ನೊಮ್ಮೆ ಹೇಳ್ರಿ, ಬರಕೋತೀನಿ" ಅಂದರು.

ಕಾಕಾ, ಮುಂದಿನ ಪಂಜರ ಈ ವಾರ ಮಾಡಿಸುತ್ತೇನೆ. ಹುಕ್ಕಿನ ಮೇಲಿನ ಅಂಕಿ ಬಣ್ಣದ ಕೆಳಗೆ ಮುಚ್ಚಿದೆ, ಕೆರೆದು ನೋಡಿ ಹೇಳುತ್ತೇನೆ.

ಲೇತ್ ಕಾಕಾ

ಕೆರೆಯುವಾಗ ಚಾಕು ಬೇಡ, ಥಿನ್ನರ್ ಹಾಕಿ ಒರೆಸು. ಅಂಕಿಯೇ ಹೋದೀತು.